ಮಗಳಬೇಲಿ

ತುಂಗಭದ್ರೆ ಬಿಲ್ಲಿನಂತೆ ಬಾಗಿ ಪೂರ್ವಕ್ಕೆ ಹೊರಳುವ ಕಡೆ, ಅದರ ಎಡದಂಡೆಯ ಮೇಲೆ, ಮಗಳಬೇಲಿ ಎಂಬ ಊರಿದೆ. ದೊಡ್ಡ ಊರೇನಲ್ಲ. ಬೆಳಿಗ್ಗೆ ಒಂದು ಬಸ್ಸು ಬರುತ್ತದೆ, ಸಂಜೆ ಇನ್ನೊಂದು. ನಿಲ್ದಾಣದ ಎದುರಿಗೆ ಚಹಾದಂಗಡಿ, ಅದರ ಬೆನ್ನಿಗೆ ಹಿಟ್ಟಿನ ಗಿರಣಿ, ಆಚೆ ಕಬ್ಬಿನ ಹೊಲ, ಕಬ್ಬಿನಾಚೆ ಹೊಳೆ. ಹೊಸಬರು ಊರ ಹೆಸರು ಕೇಳಿದೊಡನೆ ಒಂದು ಗಳಿಗೆ ತಡೆದು, ಇದೆಂಥ ಹೆಸರು ಎಂದು ವಿಚಾರಿಸುತ್ತಾರೆ. ಓದಿದವರು ಕೆಲವರು, ಇದು ಮೊದಲು ಮೊಗಲಬೇಲಿ ಇದ್ದಿರಬೇಕು, ಮೊಗಲರ ದಂಡು ಇಲ್ಲಿ ಬೀಡುಬಿಟ್ಟು ಸುತ್ತ ಮುಳ್ಳು ಹಾಕಿಕೊಂಡಿದ್ದಿರಬೇಕು ಎಂದು ವಾದಿಸುವುದೂ ಉಂಟು. ಊರ ಹಿರಿಯರು ಅದನ್ನು ಕೇಳಿ ನಗುತ್ತಾರೆ. ದಂಡು ಬಂದಿರಬಹುದು, ಹೋಗಿರಬಹುದು, ಕೂತು ಬೇಲಿ ಕಟ್ಟುವಷ್ಟು ಪುರಸೊತ್ತು ಯಾವ ದಂಡಿಗೆ ಇರುತ್ತದೆ ಎನ್ನುತ್ತಾರೆ. ಅವರು ಹೇಳುವ ಸಂಗತಿಯಲ್ಲಿ ರಾಜರಿಲ್ಲ, ಯುದ್ಧವಿಲ್ಲ. ಒಂದು ವೀಳ್ಯದ ಎಲೆತೋಟ, ಒಂದು ಹುಣಸೆಯ ತೋಪು, ಎರಡರ ನಡುವೆ ಬಿದ್ದುಹೋದ ಬೇಲಿ, ಮತ್ತು ಆ ಬೇಲಿ ಯಾರದೆಂದು ಪತ್ತೆ ಹಚ್ಚಲು ಹೊರಟ ಹಾಲವ್ವ ಎಂಬ ಸೊಸೆ, ಇಷ್ಟೇ.

ಹಿಂದೆ ಒಮ್ಮೆ, ಹೊಳೆಗೆ ಸೇತುವೆ ಇಲ್ಲದ, ಉಪ್ಪು ಎತ್ತಿನ ಬೆನ್ನೇರಿ ಊರಿಗೆ ಬರುತ್ತಿದ್ದ ಕಾಲದಲ್ಲಿ, ಈ ಊರನ್ನು ಹೊಳೆದಂಡಿ ಎಂದೇ ಕರೆಯುತ್ತಿದ್ದರಂತೆ. ಅಲ್ಲಿ ಕಲ್ಲಪ್ಪನೆಂಬ ಹಿರಿಯನ ಜಮೀನು ದಾರಿಯಿಂದ ಹೊಳೆಯವರೆಗೂ ಹಬ್ಬಿತ್ತು. ಅವನ ಇಬ್ಬರು ಗಂಡುಮಕ್ಕಳು ಬೇರೆಯಾದಾಗ ಪಡುವಲ ಎಲೆತೋಟ ಹಿರಿಯವನ ಪಾಲಿಗೆ ಬಂತು, ಮೂಡಲ ಹುಣಸೆಯ ತೋಪು ಕಿರಿಯವನ ಪಾಲಿಗೆ. ನಡುವೆ ಉದ್ದಕ್ಕೂ ಮುಳ್ಳಿನ ಬೇಲಿ. ಕಾಲ ಸಂದಂತೆ ಕಲ್ಲಪ್ಪ ತೀರಿಕೊಂಡ, ಅವನ ಗಂಡುಮಕ್ಕಳಿಬ್ಬರೂ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಎಲೆತೋಟ ಹಿರಿಯವನ ಮಗ ದ್ಯಾಮಪ್ಪನ ಕೈಗೆ ಬಂತು, ತೋಪು ಕಿರಿಯವನ ಮಗ ಗುಡದಪ್ಪನ ಕೈಗೆ. ಅಣ್ಣತಮ್ಮಂದಿರ ಮಕ್ಕಳೆಂದರೆ ಅಣ್ಣತಮ್ಮಂದಿರೇ ಆದರೂ ಇವರಿಬ್ಬರಿಗೆ ಯಾವ ಕಾರಣಕ್ಕೋ ಹೊಂದಲಿಲ್ಲ. ಎದುರಾದರೆ ಮಾತಾಡುತ್ತಿದ್ದರು, ಮನೆಯ ಹೊಸ್ತಿಲು ಮಾತ್ರ ದಾಟುತ್ತಿರಲಿಲ್ಲ. ಹಾಲವ್ವ ದ್ಯಾಮಪ್ಪನ ಹೆಂಡತಿ. ಆಕೆ ಈ ಮನೆಗೆ ನಡೆದುಬರುವ ಹೊತ್ತಿಗಾಗಲೇ ಬೇಲಿ ಅಲ್ಲಲ್ಲಿ ಜಗ್ಗಿತ್ತು. ವರ್ಷ ವರ್ಷ ಒಂದೊಂದು ಗೂಟಕ್ಕೆ ಗೆದ್ದಲು ಹಿಡಿದು, ಕೊನೆಗೆ ಒಂದು ಮಳೆಗಾಲದಲ್ಲಿ ಅರ್ಧಕ್ಕರ್ಧ ನೆಲಕ್ಕೆ ಮಲಗಿಬಿಟ್ಟಿತು.

ಬೇಲಿ ಬಿದ್ದದ್ದು ಬೇರೆ ವರ್ಷವಾಗಿದ್ದರೆ ಇಷ್ಟು ರಾದ್ಧಾಂತ ಆಗುತ್ತಿರಲಿಲ್ಲವೇನೋ. ದ್ಯಾಮಪ್ಪ ಹಳೆಯ ಬಳ್ಳಿಯನ್ನೆಲ್ಲ ಕಿತ್ತು ಹೊಸ ಬಳ್ಳಿ ನೆಟ್ಟಿದ್ದ. ಅವು ಅಗಸೆಯ ಗಿಡಗಳನ್ನು ತಬ್ಬಿಕೊಂಡು ಮೇಲೇರಿ, ಆ ವರ್ಷ ಮೊದಲ ಕೊಯ್ಲಿಗೆ ಬಂದಿದ್ದವು. ಚಪ್ಪಲಿ ಹೊರಗೆ ಬಿಟ್ಟು, ದೇವರ ಮನೆಗೆ ಹೋಗುವಂತೆ ಒಳಗೆ ಹೋಗಬೇಕಾದ ತೋಟ ಅದು. ಗಂಡ ಹೆಂಡತಿ ಇಬ್ಬರೂ ಬಾವಿಯಿಂದ ನೀರು ಹಾಯಿಸಿ ಹಾಯಿಸಿ ಮಕ್ಕಳಂತೆ ಬೆಳೆಸಿದ್ದರು. ಆಚೆ ಗುಡದಪ್ಪನ ತೋಪಿನಲ್ಲೋ, ಪ್ರತಿ ವರ್ಷ ಕಾರ್ತೀಕ ಕಳೆದೊಡನೆ ಉಪ್ಪು ಹೇರಿಕೊಂಡ ಲಂಬಾಣಿಗರ ಎತ್ತಿನ ಹಿಂಡು ಬಂದು ಇಳಿಯುತ್ತಿತ್ತು. ಹುಣಸೆಯ ನೆರಳು, ಪಕ್ಕದಲ್ಲೇ ಹೊಳೆ. ನೂರಾರು ಎತ್ತುಗಳು ಹೇರಿಳಿಸಿಕೊಂಡು ಮೈಮುರಿದು ಮೇಯುತ್ತಿದ್ದವು. ಹಿಂಡಿನ ಗೊಬ್ಬರ ತೋಪಿಗೆ, ಮೇಲೊಂದಿಷ್ಟು ಉಪ್ಪು ಗುಡದಪ್ಪನ ಮನೆಗೆ. ಅಜ್ಜನ ಕಾಲದಿಂದ ನಡೆದುಬಂದ ಪದ್ಧತಿ ಅದು, ಬೇಡ ಎನ್ನುವಂತಿರಲಿಲ್ಲ. ಅಗಸೆಯ ಎಲೆಯೆಂದರೆ ಎತ್ತಿಗೆ ಪ್ರಾಣ. ಬೇಲಿ ಇಲ್ಲದ ಕಡೆ ಆ ಹಿಂಡು ಒಂದು ಸಲ ನುಗ್ಗಿತೆಂದರೆ ಸೂರ್ಯ ಮುಳುಗುವುದರೊಳಗೆ ಎಲೆತೋಟ ಬಯಲಾಗುತ್ತಿತ್ತು.

ಹಾಗಿದ್ದಮೇಲೆ ದ್ಯಾಮಪ್ಪನೇ ನಾಲ್ಕು ಗೂಟ ಹುಗಿದು ಮುಳ್ಳು ಕಟ್ಟಬಾರದಿತ್ತೇ ಎಂದು ಇಂದಿನವರು ಕೇಳಬಹುದು. ಆದರೆ ಒಮ್ಮೆ ಗೂಟ ಹುಗಿದವನ ಕೊರಳಿಗೆ ಆ ಬೇಲಿ ಜನ್ಮಕ್ಕೂ ಬಿತ್ತೆಂದು ಎಲ್ಲರಿಗೂ ಗೊತ್ತು. ಅವನ ನಂತರ ಅವನ ಮಕ್ಕಳ ಕೊರಳಿಗೆ. “ದನ ಬರೂದು ನಿನ್ನ ತೋಪಿನಿಂದ. ದನ ಇಳಿಸಿಕೊಂಡಾಂವ ಬೇಲಿ ಕಟ್ಟಬೇಕು” ಎಂದ ದ್ಯಾಮಪ್ಪ. “ಎಲಿ ಇರೂದು ನಿನ್ನ ತೋಟದಾಗ ಯಣ್ಣಾ. ಕಳಕೊಳ್ಳಾಂವ ಕಾಯಬೇಕು. ನನ್ನ ಹುಣಸಿಗಿಡಕ್ಕ ಬೇಲಿ ಯಾಕ ಬೇಕು?” ಎಂದ ಗುಡದಪ್ಪ. ಇಬ್ಬರ ಮಾತೂ ಸರಿ. ಅದಕ್ಕೇ ಜಗಳ ಮುಗಿಯುವ ಜಾತಿಯದಾಗಿರಲಿಲ್ಲ.

ಲಂಬಾಣಿಗರ ಆಳು ಒಬ್ಬ ಮುಂದಾಗಿ ಬಂದು, ಹಿಂಡು ನಾಡಿದ್ದು ಬೆಳಿಗ್ಗೆ ಬರುತ್ತದೆಂದು ಹೇಳಿ ಹೋದ ಮೇಲೆ ಊರ ಹಿರಿಯರು ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂಡಿದರು. ಹಾಲವ್ವ ಹೆಂಗಸರ ಗುಂಪಿನಲ್ಲಿ ಕಂಬಕ್ಕೆ ಒರಗಿ ನಿಂತಿದ್ದಳು. ಗೌಡ ಎರಡೂ ಕಡೆಯ ಮಾತು ಕೇಳಿ, “ಇಷ್ಟು ವರ್ಷ ಯಾರು ಕಟ್ಟಿಕೋತ ಬಂದಾರೋ ಅವರದ ಬೇಲಿ. ಹೇಳ್ರಿ, ಯಾರಪ್ಪ ಕಟ್ಟತಿದ್ದ?” ಎಂದ. ನಮ್ಮಪ್ಪ ಅಲ್ಲ ಎಂದ ದ್ಯಾಮಪ್ಪ. ನಮ್ಮಪ್ಪನೂ ಅಲ್ಲ ಎಂದ ಗುಡದಪ್ಪ. ಹಾಗಾದರೆ ಬೇಲಿ ತಾನೇ ಹುಟ್ಟಿ ತಾನೇ ಬೆಳೆಯುತ್ತಿತ್ತೇ ಎಂದು ಯಾರೋ ಅಂದದ್ದಕ್ಕೆ ಕಟ್ಟೆಯೆಲ್ಲ ನಕ್ಕಿತು. ನಗು ದ್ಯಾಮಪ್ಪನಿಗೆ ತಾಗಿತು. ಸರ್ರನೆ ಎದ್ದು ಒಳಗೆ ಹೋಗಿ, ಉರಿಯುವ ದೀಪದ ಮೇಲೆ ಕೈಯಿಟ್ಟು, ತನ್ನ ಅಪ್ಪ ಆ ಬೇಲಿಗೆ ಒಂದು ಗೂಟವನ್ನೂ ಹುಗಿದದ್ದನ್ನು ಕಂಡಿಲ್ಲವೆಂದು ಆಣೆ ಮಾಡಿದ. ಅವನ ಕೈ ಕೆಳಗಿಳಿಯುವುದರೊಳಗೆ ಗುಡದಪ್ಪನೂ ಒಳಗೆ ಹೋಗಿ ಅದೇ ದೀಪದ ಮೇಲೆ ಅದೇ ಆಣೆ ಮಾಡಿದ. ಕಟ್ಟೆಯ ಮೇಲೆ ಈಗ ಯಾರೂ ನಗಲಿಲ್ಲ. ಇಬ್ಬರಲ್ಲಿ ಒಬ್ಬನ ಆಣೆ ಸುಳ್ಳು, ಸುಳ್ಳು ಆಣೆ ಮಾಡಿದವನ ಮನೆ ಉಳಿಯುವುದಿಲ್ಲ ಎಂದು ಜನ ಪಿಸುಗುಟ್ಟುತ್ತ ಚದುರಿದರು.

ಗಂಡ ಸುಳ್ಳು ಹೇಳುವವನಲ್ಲವೆಂದು ಹಾಲವ್ವ ಬಲ್ಲಳು. ಆದರೆ ಆಣೆ ಮಾಡುವಾಗ ಗುಡದಪ್ಪನ ಮುಖವನ್ನೂ ಆಕೆ ನೋಡಿದ್ದಳು. ಅವನೂ ಸುಳ್ಳು ಹೇಳಿರಲಿಲ್ಲ. ಮನೆಯ ಕಡೆ ಹೊರಟ ಕಾಲುಗಳು ತಿರುಗಿ ತೋಟಕ್ಕೆ ನಡೆದವು. ಇಬ್ಬರೂ ನಿಜ ಹೇಳಿದ್ದಾರೆ ಎಂದಾದರೆ ಈ ಬೇಲಿಯನ್ನು ಕಟ್ಟಿದ ಮೂರನೆಯವರು ಒಬ್ಬರು ಇರಲೇಬೇಕು. ಈ ವಿಚಾರ ತಲೆಗೆ ಬಂದದ್ದೇ ತಡ, ಆಕೆ ಹೊತ್ತು ಇಳಿಯುವುದರೊಳಗೆ ನೋಡಬೇಕೆಂದು ಓಡುನಡಿಗೆಯಲ್ಲಿ ಹೋಗಿ, ಬಿದ್ದ ಬೇಲಿಯ ಪಕ್ಕ ಕುಕ್ಕುರುಗಾಲಿನಲ್ಲಿ ಕೂತಳು. ವರ್ಷಗಟ್ಟಲೆ ಕಣ್ಣೆದುರಿಗೇ ಇದ್ದುದನ್ನು ಮೊದಲ ಸಲವೆಂಬಂತೆ ನೋಡಿದಳು. ಒಣಗಿ ಕಪ್ಪಾದ ಒಂದು ಕೊಂಬೆಯನ್ನು ಮುರಿದು ತಿರುಗಿಸಿ ನೋಡಿದಳು. ಜಾಲಿಯ ಮುಳ್ಳಾಗಿರಲಿಲ್ಲ ಅದು. ಹೊಳೆದಂಡಿಯ ಎರೆಭೂಮಿಯಲ್ಲಿ ಎತ್ತ ನೋಡಿದರೂ ಜಾಲಿ, ಬೇಲಿ ಹಾಕುವವರೆಲ್ಲ ಹಾಕುವುದು ಜಾಲಿಯನ್ನೇ. ಇದು ಕಾರೆಯ ಮುಳ್ಳು, ಜಾಲಿಗಿಂತ ದಪ್ಪಗೆ, ಎದುರುಬದುರು ಜೋಡಿಯಾಗಿ ನಿಂತದ್ದು. ಹಾಲವ್ವ ಹುಟ್ಟಿ ಬೆಳೆದದ್ದು ಗುಡ್ಡದ ಸೀಮೆಯಲ್ಲಿ. ಕಾರೆ ಕಲ್ಲುಗುಡ್ಡದಲ್ಲಲ್ಲದೆ ಬೆಳೆಯುವುದಿಲ್ಲವೆಂದು ಆಕೆಗೆ ಗೊತ್ತು. ಹತ್ತಿರದ ಕಲ್ಲುಗುಡ್ಡ ಎಂದರೆ ಹೊಳೆಯ ಆಚೆ ದಂಡೆಯ ಕರಿಗುಡ್ಡ. ಇಷ್ಟು ಮುಳ್ಳು ಹೊಳೆ ದಾಟಿ ಬಂದಿದೆ. ಮುಳ್ಳಿಗೆ ಈಜು ಬರುವುದಿಲ್ಲ.

ಆಕೆ ಕೊಂಬೆಯನ್ನು ಕೈಯಲ್ಲಿ ಹಿಡಿದೇ ಹೊಳೆಗೆ ಇಳಿದಳು. ಹರಿಗೋಲು ನಡೆಸುವ ಅಂಬಿಗರ ಹುಲುಗಪ್ಪ ಅದನ್ನು ದಂಡೆಗೆ ಎಳೆದು ಬೋರಲು ಹಾಕುತ್ತಿದ್ದ. ಈ ಮುಳ್ಳನ್ನು ಯಾವಾಗಲಾದರೂ ದಾಟಿಸಿದ್ದುಂಟೇ ಎಂದು ಕೇಳಿದ್ದಕ್ಕೆ ಅವನು ಕೊಂಬೆಯನ್ನು ನೋಡಿ, “ನಾ ದಾಟಿಸಿಲ್ಲವ್ವಾ, ನಮ್ಮಪ್ಪ ದಾಟಸತಿದ್ದ” ಎಂದ. “ನಾಗರ ಪಂಚಮಿ ಮುಂದ ಒಂದು ಹರಿಗೋಲು ತುಂಬ ಮುಳ್ಳು ಬರತಿತ್ತು. ಶ್ರಾವಣದ ಕೆಂಪು ನೀರು, ಅದರಾಗ ಮುಳ್ಳಿನ ಹೇರು. ನಮ್ಮಪ್ಪ ಬೈಕೋತನ ದಾಟಸತಿದ್ದ.” ಯಾರು ತರುತ್ತಿದ್ದರೆಂದು ಅವನಿಗೆ ನೆನಪಿರಲಿಲ್ಲ. ಒಬ್ಬ ಹೆಣ್ಣುಮಗಳು ಎಂಬಷ್ಟು ಮಾತ್ರ ನೆನಪಿತ್ತು. ಇದನ್ನು ಯಾಕೆ ಕಟ್ಟೆಯ ಮೇಲೆ ಕೂಡಿದ್ದ ದೈವದ ಮುಂದೆ ಹೇಳಲಿಲ್ಲ ಎಂದರೆ, “ನನ್ನ ಯಾರು ಕೇಳಿದರು?” ಎಂದ.

ಆ ಸಂಜೆ ದ್ಯಾಮಪ್ಪ ಊಟಕ್ಕೆ ಕೂತಾಗ ಹಾಲವ್ವ ರೊಟ್ಟಿ ಬಡಿಸುತ್ತ, ಪಂಚಮಿಗೆ ಹೊಳೆಯಾಚೆಯಿಂದ ಈ ಮನೆಗೆ ಯಾರು ಬರುತ್ತಿದ್ದರೆಂದು ಕೇಳಿದಳು. ಅವನು ತುತ್ತು ಮುರಿಯುತ್ತಲೇ, “ಅಂದಾನತ್ತಿ ಬರತಿದ್ದಳು, ನಮ್ಮಪ್ಪನ ತಂಗಿ. ಕರಿಗುಡ್ಡಕ್ಕ ಕೊಟ್ಟಿದ್ದರು” ಎಂದ. ಹಾಲವ್ವ ಆ ಹೆಸರನ್ನು ಈ ಮನೆಯಲ್ಲಿ ಕೇಳಿದ್ದೇ ಇಲ್ಲ. ಯಾಕೆ ಬರುವುದು ಬಿಟ್ಟಳೆಂದು ಕೇಳಿದಳು. “ಹೋಗಿ ಕರಕೊಂಡು ಬರಬೇಕಲ್ಲ. ಅಪ್ಪ ಕಾಕಾ ಇರೂತನಕ ಅವರ ಹೋಗತಿದ್ದರು. ಅವರು ಹೋದಮ್ಯಾಲ ಪಾಳಿ ಗುಡದಪ್ಪಂದು ಅಂತ ನಾ ಸುಮ್ಮನಿದ್ದೆ. ಅಂವ ನಂದು ಅಂದ.” ಆಮೇಲೆ ತನಗೆ ತಾನೇ ಹೇಳಿಕೊಳ್ಳುವಂತೆ, ಅತ್ತೆ ಶೇಂಗಾದ ಉಂಡಿ ಕೊಡುವಾಗ ಆಕೆಯ ಕೈತುಂಬ ಗೀರುಗಳಿರುತ್ತಿದ್ದವು, ಏನಾಯಿತೆಂದು ಕೇಳಿದರೆ ಬೆಕ್ಕು ಪರಚಿತೆನ್ನುತ್ತಿದ್ದಳು ಎಂದ. ಅವನ ಕೈ ತಟ್ಟೆಯಲ್ಲೇ ನಿಂತಿತು. “ವರ್ಷಾ ಪಂಚಮಿಗೇ ಬೆಕ್ಕು ಪರಚತಿತ್ತೇನು?” ಎಂದು ಹೆಂಡತಿಯ ಮುಖ ನೋಡಿದ. ಹಾಲವ್ವ ಒಲೆಯ ಹತ್ತಿರ ಇಟ್ಟಿದ್ದ ಕಾರೆಯ ಕೊಂಬೆಯನ್ನು ತಂದು ಅವನ ಮುಂದೆ ಇಟ್ಟಳು.

ಬೆಳಕು ಹರಿಯುತ್ತಲೇ ಹಾಲವ್ವ ಹರಿಗೋಲು ಹತ್ತಿದಳು. ದ್ಯಾಮಪ್ಪನೂ ದಂಡೆಯವರೆಗೆ ಬಂದ, ಅಲ್ಲಿಂದ ಮುಂದೆ ಬರಲು ಅವನಿಗೆ ಮುಖವಿರಲಿಲ್ಲ. ನಡುಹೊಳೆಯಲ್ಲಿ ಹರಿಗೋಲು ಬುಗುರಿಯಂತೆ ತಿರುಗುವಾಗ ಬಡಗಲ ದಿಕ್ಕಿನಲ್ಲಿ, ಬಹಳ ದೂರದಲ್ಲಿ, ನೆಲದಿಂದ ಧೂಳು ಎದ್ದು ನಿಂತಿರುವುದನ್ನು ಆಕೆ ಕಂಡಳು. ಅದು ಗಾಳಿಯ ಧೂಳಲ್ಲ. ಆಕೆಗೆ ಅಂಜಿಕೆಯೂ ಆಯಿತು, ಅದಕ್ಕಿಂತ ಹೆಚ್ಚಾಗಿ ಮೈಯಲ್ಲಿ ಒಂದು ಹುರುಪು ಹರಿಯಿತು. ಆಚೆ ದಂಡೆಗೆ ತಾಗಿದ್ದೇ ನೀರಿಗೆ ಹಾರಿ, ಮೊಣಕಾಲಿನವರೆಗೆ ತೊಯ್ದ ಸೀರೆಯಲ್ಲೇ ಕರಿಗುಡ್ಡದ ಹಾದಿ ಹಿಡಿದಳು.

ಅಂದಾನವ್ವ ತನ್ನ ಅಂಗಳದಲ್ಲಿ ಕೂತು ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದಳು. ಕೂದಲು ಬೆಳ್ಳಗಾಗಿದ್ದರೂ ಬೆನ್ನು ಬಾಗದ ಹೆಂಗಸು. ಯಾರವ್ವಾ ನೀನು ಎಂದು ಕೇಳಿದಳು. ಹೊಳೆದಂಡಿಯ ದ್ಯಾಮಪ್ಪನ ಹೆಂಡತಿ ಎಂದಳು ಹಾಲವ್ವ. ಮೊರದ ಸಪ್ಪಳ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಮುದುಕಿ ತಲೆಯೆತ್ತದೆ, “ಕರೀಲಿಕ್ಕೆ ಬಂದಿಯೋ, ಕೇಳಲಿಕ್ಕೆ ಬಂದಿಯೋ?” ಎಂದಳು. ದಾರಿಯುದ್ದಕ್ಕೂ ಹಾಲವ್ವ ಜೋಡಿಸಿಕೊಂಡು ಬಂದಿದ್ದ ಸಿಹಿಮಾತುಗಳೆಲ್ಲ ಆ ಪ್ರಶ್ನೆಯ ಮುಂದೆ ಉದುರಿಹೋದವು. “ಬೇಲಿ ಬಿದ್ದೈತಿ ಅಂತ ಬಂದೀನಿ ಅತ್ತಿ. ನಿಮ್ಮನ್ನ ನೆನಸಿಕೊಂಡು ಕರೀಲಿಕ್ಕೆ ಬಂದೀನಿ ಅಂದರ ಸುಳ್ಳಾಗತೈತಿ. ನಿಮ್ಮ ಹೆಸರು ನನಗ ನಿನ್ನೆ ಗೊತ್ತಾತು.”

ಅಂದಾನವ್ವ ಮೊರ ಕೆಳಗಿಟ್ಟಳು. ಸಿಟ್ಟಾಗುತ್ತಾಳೆಂದುಕೊಂಡರೆ ಆಕೆ ಸಣ್ಣಗೆ ನಕ್ಕು, ಹಾಲವ್ವನನ್ನು ಪಕ್ಕದಲ್ಲಿ ಕೂಡಿಸಿಕೊಂಡಳು. ಅಣ್ಣಂದಿರಿಬ್ಬರೂ ಬೇರೆಯಾಗುವಾಗ ನಡುವಿನ ಬೇಲಿಗೆ ಬೇಕಾದ ನಾಲ್ಕು ಮೊಳದ ಪಟ್ಟಿಯನ್ನು ನೀನು ಬಿಡು, ನೀನು ಬಿಡು ಎಂದು ಜಗಳ ತೆಗೆದರಂತೆ. ಅಪ್ಪ ಕಲ್ಲಪ್ಪನಿಗೆ ರೇಗಿತು. ಹಾಗಾದರೆ ಆ ಪಟ್ಟಿ ನಿಮ್ಮಿಬ್ಬರದೂ ಅಲ್ಲ, ಅದನ್ನು ಮಗಳಿಗೆ ಅರಿಶಿನ ಕುಂಕುಮಕ್ಕೆ ಕೊಟ್ಟಿದ್ದೇನೆ ಎಂದುಬಿಟ್ಟ. ಆಮೇಲೆ ಮಗಳನ್ನು ಕರೆದು ಹೇಳಿದನಂತೆ: “ಅಂದಾನಿ, ಇದರಾಗ ಬೆಳಿ ಬರೂದಿಲ್ಲ, ಬರೇ ಮುಳ್ಳು. ಆದರ ಇದು ಇರೂತನಕ ನಿಮ್ಮಣ್ಣಗಳು ವರ್ಷಕ್ಕೊಮ್ಮೆ ನಿನ್ನ ಕರೀಲೇಬೇಕು. ನಾ ಸತ್ತಮ್ಯಾಲೂ ನಿನ್ನ ತವರಿನ ಹಾದಿ ಹಾಳು ಬೀಳಬಾರದು.” ಅಂದಿನಿಂದ ಆಕೆ ಪ್ರತಿ ಪಂಚಮಿಗೂ ತನ್ನ ಗುಡ್ಡದ ಕಾರೆ ಕಡಿಸಿಕೊಂಡು ಹೋಗಿ, ಊರ ಗಂಡಸರೆಲ್ಲ ಗರಡಿಯಲ್ಲಿ, ಕೊಬ್ಬರಿ ಬಟ್ಟಲಿನ ಆಟದಲ್ಲಿ ಮೈಮರೆತಿರುವಾಗ ತನ್ನ ಆಳುಗಳೊಂದಿಗೆ ಬೇಲಿ ಕಟ್ಟಿ ಬರುತ್ತಿದ್ದಳು. ತಂಗಿಯ ಕೈಯಲ್ಲಿ ಬೇಲಿ ಕಟ್ಟಿಸುತ್ತೇವೆಂದು ಹೇಳಿಕೊಳ್ಳಲು ಅಣ್ಣಂದಿರಿಗೆ ನಾಚಿಕೆ. ಹೀಗಾಗಿ ಮಕ್ಕಳಿಗೂ ತಿಳಿಸದೆ ಹೋದರು.

“ನನ್ನ ಬೇಲಿ ಬಿದ್ದದ್ದು ನನಗ ಗೊತ್ತಿಲ್ಲಂತ ತಿಳಿದೀಯೇನು?” ಎಂದಳು ಅಂದಾನವ್ವ. “ಈ ದಂಡಿಗೆ ನಿಂತರ ಕಾಣತೈತಿ. ವರ್ಷಾ ಪಂಚಮಿಗೆ ಉಂಡಿ ಕಟ್ಟಿಕೊಂಡು ಹೊಳಿಗೆ ಬಂದು ಕೂಡತಿದ್ದೆ. ಹರಿಗೋಲು ಬರತಿತ್ತು, ಯಾರ್ಯಾರೋ ಇಳೀತಿದ್ದರು. ಕರೀದ ತವರಿಗೆ ಹೆಂಗ ಹೋಗಲಿ?” ಆಕೆ ಕಣ್ಣೊರೆಸಿಕೊಳ್ಳಲಿಲ್ಲ. ಹಾಲವ್ವ ಒರೆಸಿಕೊಂಡಳು. ಆಮೇಲೆ ಎದ್ದು, ಮುದುಕಿಯ ಪಾದ ಮುಟ್ಟಿ, “ಈಗ ಕರೀತೀನಿ ಅತ್ತಿ. ಬೇಲಿ ಕಟ್ಟಿದರೂ ಬರ್ರಿ, ಕಟ್ಟದಿದ್ದರೂ ಬರ್ರಿ” ಎಂದಳು.

ಮುಂದಿನದು ಗಾಳಿಯಂತೆ ನಡೆಯಿತು ಎನ್ನುತ್ತಾರೆ. ಹಿಂಡು ಬರುವ ಸುದ್ದಿ ಕೇಳಿದ್ದೇ ಅಂದಾನವ್ವ ಸೀರೆಯ ಸೆರಗು ಬಿಗಿದು, ಹೊಲಕ್ಕೆ ಹೊರಟಿದ್ದ ಮಕ್ಕಳನ್ನು ಅಲ್ಲೇ ನಿಲ್ಲಿಸಿ, ಸೊಸೆಯರ ಕೈಗೂ ಕುಡುಗೋಲು ಕೊಟ್ಟು ಗುಡ್ಡ ಹತ್ತಿಸಿದಳು. ಹಾಲವ್ವನೂ ಹತ್ತಿದಳು. ಹೊತ್ತು ಮುಳುಗುವುದರೊಳಗೆ ಹೊಳೆಯ ದಂಡೆಯಲ್ಲಿ ಕಾರೆಯ ಮುಳ್ಳು ಬಣವೆಯಂತೆ ಎದ್ದು ನಿಂತಿತು. ಹೊಸ ಗೂಟಗಳು, ಕತ್ತಾಳೆಯ ನಾರಿನ ಹಗ್ಗಗಳು, ಹಾರೆ, ಕೊಡಲಿ ಎಲ್ಲ ಜೊತೆಯಾದವು. ಮರುದಿನ ಬೆಳಗಾಗುತ್ತಲೇ ಆ ದಂಡೆಯಲ್ಲಿದ್ದ ಹರಿಗೋಲುಗಳೆಲ್ಲ ಮುಳ್ಳು ತುಂಬಿಕೊಂಡು ಸಾಲಾಗಿ ಹೊರಟವು. ಹೊಳೆದಂಡಿಯ ಜನ ನೀರಿಗೆ ಬಂದವರು ಕೊಡಗಳನ್ನು ಅಲ್ಲೇ ಬಿಟ್ಟು ನಿಂತುಬಿಟ್ಟರು. ಹೊಳೆಯ ಮೇಲೆ ಬೇಲಿಯೇ ಹರಿದು ಬರುತ್ತಿತ್ತು. ಮೊದಲನೆಯ ಹರಿಗೋಲಿನಲ್ಲಿ ಮುಳ್ಳಿನ ರಾಶಿಯ ಮುಂದೆ ಒಬ್ಬ ಮುದುಕಿ ನೆಟ್ಟಗೆ ಕೂತಿದ್ದಳು. ಪಕ್ಕದಲ್ಲಿ ಹಾಲವ್ವ. ಬಡಗಲ ದಾರಿಯಿಂದ ಎತ್ತಿನ ಕೊರಳಗಂಟೆಗಳ ಸಪ್ಪಳ ಆಗಲೇ ಕೇಳತೊಡಗಿತ್ತು.

ದ್ಯಾಮಪ್ಪ, ಗುಡದಪ್ಪ ಇಬ್ಬರೂ ಸುದ್ದಿ ಕೇಳಿ ಓಡಿಬಂದರು. ಅತ್ತೆಯ ಗುರುತು ಇಬ್ಬರಿಗೂ ಹತ್ತಿತು. ದ್ಯಾಮಪ್ಪ ಏನೂ ತೋಚದೆ ಒಂದು ಹಾರೆ ಎತ್ತಿಕೊಂಡು ಗೂಟಕ್ಕೆ ಕುಣಿ ತೋಡಲು ಹೋದ. “ಹಾರಿ ಕೆಳಗಿಡು” ಎಂದಳು ಅಂದಾನವ್ವ. “ಇದು ನಿಮ್ಮಿಬ್ಬರದೂ ಅಲ್ಲ. ದೀಪದ ಮ್ಯಾಲ ಕೈಯಿಟ್ಟು ಹೇಳೀರಂತಲ್ಲ, ಖರೇ ಹೇಳೀರಿ. ಬೇಲಿ ನಂದು, ನಾ ಕಟ್ಟತೀನಿ. ಕಟ್ಟಾವರಿಗೆ ಉಣ್ಣಾಕ ಹಾಕೂದು ತವರವರ ಕೆಲಸ. ಇಬ್ಬರೂ ಹೋಗಿ ಒಲಿ ಹಚ್ಚಸ್ರಿ.” ಇಬ್ಬರೂ ಶಾಲೆಯ ಹುಡುಗರಂತೆ ತಿರುಗಿ ನಡೆದರು. ಎಷ್ಟೋ ವರ್ಷಗಳ ಮೇಲೆ ಅಂದು ಗುಡದಪ್ಪ ಅಣ್ಣನ ಮನೆಯ ಹೊಸ್ತಿಲು ದಾಟಿ, ದೊಡ್ಡ ಹಂಡೆಯ ಒಂದು ಕಿವಿ ಹಿಡಿದು ಎತ್ತಿದನಂತೆ.

ಕರಿಗುಡ್ಡದವರು ದಾರಿಯ ಕಡೆಯಿಂದ ಗೂಟ ಹುಗಿಯುತ್ತ ಬಂದರು. ಹಿಂದೆಯೇ ಮುಳ್ಳು, ಮುಳ್ಳಿನ ಹಿಂದೆ ಹಗ್ಗ. ನೋಡುತ್ತ ನಿಂತಿದ್ದ ಊರ ಹೆಂಗಸರು ಸುಮ್ಮನಿರಲಾರದೆ ಒಬ್ಬೊಬ್ಬರೇ ಸೆರಗು ಸಿಕ್ಕಿಸಿ ಕೈಹಾಕಿದರು. ಬೇಲಿ ಹೊಳೆಯ ಕಡೆಗೆ ಓಡತೊಡಗಿತು. ಕಡೆಯ ಒಂದು ಕಂಡಿ ಇನ್ನೂ ತೆರೆದಿರುವಾಗ ತೋಪಿನಲ್ಲಿ ಗಂಟೆಗಳ ಸದ್ದು ಏರಿ, ಮರಗಳ ನಡುವಿನಿಂದ ಹಿಂಡಿನ ಮುಂದಿನ ಎತ್ತು ಕಾಣಿಸಿಕೊಂಡಿತು. ಕೋಡಿಗೆ ಕವಡೆ, ಹಣೆಗೆ ಕನ್ನಡಿ, ನೆತ್ತಿಯ ಮೇಲೆ ನವಿಲುಗರಿ. ಅದು ಹೋದತ್ತ ಮಿಕ್ಕ ನೂರಾರು ಎತ್ತುಗಳು ಹೋಗುತ್ತವೆ. ಅಗಸೆಯ ವಾಸನೆ ಅದರ ಮೂಗಿಗೆ ಹತ್ತಿತು. ಕಿವಿ ನಿಮಿರಿಸಿ, ತಲೆ ತಗ್ಗಿಸಿ, ಕಂಡಿಯ ಕಡೆಗೆ ನೆಟ್ಟಗೆ ನಡೆದು ಬಂತು. ಹಿಂಡು ಅದರ ಹಿಂದೆ ತಿರುಗಿತು.

ಹಾಲವ್ವನ ಕೈಯಲ್ಲಿದ್ದ ಮುಳ್ಳಿನ ಕಂತೆ ನೆಲಕ್ಕೆ ಬಿತ್ತು. ಇಷ್ಟು ಮಾಡಿಯೂ ಒಂದು ಮಾರು ಕಂಡಿಯಲ್ಲಿ ಎಲ್ಲ ಹೋಯಿತೆಂದುಕೊಂಡಳು. ಅಷ್ಟರಲ್ಲಿ ಅಂದಾನವ್ವ ಆಕೆಯನ್ನು ದಾಟಿ ಹೋಗಿ ಕಂಡಿಯಲ್ಲಿ ನಿಂತಳು. ಕೈಯಲ್ಲಿ ಕೋಲೂ ಇರಲಿಲ್ಲ. ಲಂಬಾಣಿಗರ ನಾಯಕ ದೂರದಿಂದಲೇ ಕೂಗಿದ: “ಸರದು ನಿಂದ್ರು ತಾಯಿ, ಆ ಎತ್ತು ಯಾರಿಗೂ ನಿಲ್ಲೂದಿಲ್ಲ.” ಮುದುಕಿ ಹೊರಳಿ ನೋಡಲಿಲ್ಲ. “ನಾ ನನ್ನ ಭೂಮ್ಯಾಗ ನಿಂತೀನಪ್ಪ. ನಾಲ್ಕ ಮೊಳ ಐತಿ. ಸರಿಯಾಕ ಜಾಗ ಎಲ್ಲೈತಿ?” ಎತ್ತು ಬಂದೇ ಬಂತು. ಅದರ ಬಿಸಿಯುಸಿರು ಆಕೆಯ ಮುಖಕ್ಕೆ ತಾಗುವಷ್ಟು ಹತ್ತಿರ ಬಂದು, ಕನ್ನಡಿ ಮಿಂಚಿಸಿ, ಒಮ್ಮೆ ಬುಸುಗುಟ್ಟಿತು. ಆಕೆ ಕೈಚಾಚಿ ಅದರ ಹಣೆಯ ಮೇಲೆ ಅಂಗೈ ಇಟ್ಟಳು. ಎತ್ತು ನಿಂತಿತು. ಹಿಂದಿನವು ಒಂದಕ್ಕೊಂದು ಒತ್ತಿ ನಿಂತವು. ಗಂಟೆಗಳೆಲ್ಲ ಒಮ್ಮೆಲೇ ಸುಮ್ಮನಾದವು.

ಹಾಲವ್ವನಿಗೆ ಆಗ ಜೀವ ಬಂತು. ಕಂತೆಯನ್ನು ಎತ್ತಿಕೊಂಡು ಮುದುಕಿಯ ಬೆನ್ನ ಹಿಂದೆಯೇ ಮುಳ್ಳು ಒಡ್ಡಿ, ಹಗ್ಗ ಸುತ್ತಿ, ಹಲ್ಲಿನಿಂದ ಗಂಟು ಬಿಗಿದಳು. ಎಲ್ಲರೂ ಕೈಗೂಡಿಸಿದರು. ಕಡೆಯ ಗಂಟು ಬಿದ್ದ ಮೇಲೆಯೇ ಅವರಿಗೆ ಹೊಳೆದದ್ದು, ಬೇಲಿ ಮುಚ್ಚಿತ್ತು, ಅಂದಾನವ್ವ ಮಾತ್ರ ತೋಪಿನ ಕಡೆ, ಎತ್ತುಗಳ ನಡುವೆ ಉಳಿದಿದ್ದಳು. ಆಕೆ ತಿರುಗಿ ನೋಡಿ, “ಚಲೋ ಆತು. ಬೇಲಿ ಕಟ್ಟಿದಾಕೀನ ಹೊರಗ ಹಾಕಿ ಮುಚ್ಚಿದಿರಿ” ಎಂದು ನಗತೊಡಗಿದಳು. ಬೇಲಿಯ ಈಚೆ ಹಾಲವ್ವ ನಕ್ಕಳು, ಲಂಬಾಣಿಗರ ನಾಯಕ ನಕ್ಕ, ಊರೇ ನಕ್ಕಿತು.

ಹೀಗಾಗಿ ಆಕೆ ತೋಪನ್ನು ಬಳಸಿ, ದೊಡ್ಡ ದಾರಿಗೆ ಬಂದು, ತವರಿಗೆ ಬರುವ ಎಲ್ಲ ಹೆಣ್ಣುಮಕ್ಕಳಂತೆ ಊರ ಮುಂದಿನಿಂದಲೇ ಒಳಗೆ ಬರಬೇಕಾಯಿತು. ದಾರಿಯಲ್ಲಿ ಇಬ್ಬರು ಅಳಿಯಂದಿರೂ ತಂಬಿಗೆಯಲ್ಲಿ ನೀರು ಹಿಡಿದು ನಿಂತಿದ್ದರು. ನಮ್ಮ ಮನೆಗೆ ಮೊದಲು ಎಂದ ಒಬ್ಬ, ನಮ್ಮ ಮನೆಗೆ ಎಂದ ಇನ್ನೊಬ್ಬ. ಬೇಲಿಗೆ ನನ್ನದಲ್ಲ ಎಂದು ಆಣೆ ಮಾಡಿದವರು ಅತ್ತೆಗೆ ನನ್ನವಳು ಎಂದು ಜಗಳವಾಡುವುದನ್ನು ನೋಡಿ ಗೌಡನಿಗೂ ನಗು ತಡೆಯಲಾಗಲಿಲ್ಲ. ಕೊನೆಗೆ ಆಕೆ ಅಲ್ಲೇ ಒಂದು ಕಲ್ಲಿನ ಮೇಲೆ ಕೂತು, ಒಂದು ಕಾಲನ್ನು ದ್ಯಾಮಪ್ಪನ ಮುಂದೆ, ಇನ್ನೊಂದನ್ನು ಗುಡದಪ್ಪನ ಮುಂದೆ ಚಾಚಿದಳು. ಗುಡದಪ್ಪ ಕಾಲು ತೊಳೆಯುತ್ತ ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತನಂತೆ.

ಊಟವಾದ ಮೇಲೆ ಗೌಡ, ಇನ್ನು ಮುಂದೆ ಈ ಬೇಲಿ ಯಾರದೆಂದು ದೈವದ ಮುಂದೆ ಹೇಳಿಬಿಡವ್ವಾ ಎಂದು ಕೇಳಿದ. ಅಂದಾನವ್ವನಿಗೆ ಹೆಣ್ಣುಮಕ್ಕಳಿರಲಿಲ್ಲ. “ಈ ಊರಾಗ ಹುಟ್ಟಿ ಹೊರಗ ಹೋದ ಮಗಳು ಯಾರಿದ್ದರೂ ಇದು ಆಕಿದು. ಪಂಚಮಿಗೆ ಬಂದಾಗ ತನ್ನ ಪಾಲಿನ ಮುಳ್ಳು ಕಟ್ಟಿ ಹೋಗಲಿ. ಬೇಲ್ಯಾಗ ಕಂಡಿ ಬಿತ್ತಂದರ, ಯಾವುದೋ ಮನಿ ಮಗಳನ್ನ ಕರದಿಲ್ಲ ಅಂತ ತಿಳೀರಿ” ಎಂದಳು. ಮಾರನೆಯ ಶ್ರಾವಣದಲ್ಲಿ ಹೊಳೆದಂಡಿಯ ಒಂದು ಮನೆಯೂ ಮಗಳನ್ನು ಕರೆಯದೆ ಬಿಡಲಿಲ್ಲ. ಅಂದಾನವ್ವನನ್ನು ಕರೆತರಲು ಇಬ್ಬರು ಅಳಿಯಂದಿರೂ ಒಂದೇ ಹರಿಗೋಲಿನಲ್ಲಿ ಹೋದರು, ಹಾಲವ್ವನೂ ಜೊತೆಗಿದ್ದಳು. ಸುತ್ತಲ ಹಳ್ಳಿಗಳ ಜನ ಮಗಳಬೇಲಿ, ಮಗಳಬೇಲಿ ಎಂದು ಅಂದು ಅಂದು ಊರಿನ ಹಳೆಯ ಹೆಸರೇ ಮರೆತುಹೋಯಿತು ಎನ್ನುತ್ತಾರೆ.

ಈಗ ಆ ಎಲೆತೋಟವಿಲ್ಲ, ಹುಣಸೆಯ ತೋಪೂ ಇಲ್ಲ. ಉಪ್ಪು ಲಾರಿಯಲ್ಲಿ ಬರುತ್ತದೆ. ಎರಡೂ ಕಡೆ ಕಬ್ಬು ಬೆಳೆದು, ಯಾವ ಜಮೀನು ಯಾರದೆಂದು ಹೊಸಬರಿಗೆ ತಿಳಿಯುವುದೂ ಕಷ್ಟ. ಆದರೆ ದೊಡ್ಡ ದಾರಿಯಿಂದ ಹೊಳೆಯವರೆಗೆ, ಕಬ್ಬಿನ ನಡುವೆ, ಕಾವಲಿಗೆ ಏನೂ ಇಲ್ಲದ ಒಂದು ಮುಳ್ಳುಬೇಲಿ ಇಂದಿಗೂ ಕಾಣುತ್ತದೆ. ಹಳೆಯ ಮುಳ್ಳಿನ ಮೇಲೆ ಹೊಸ ಮುಳ್ಳು, ನಾರಿನ ಗಂಟಿನ ಪಕ್ಕ ಪ್ಲಾಸ್ಟಿಕ್ ಹಗ್ಗದ ಗಂಟು, ಇತ್ತೀಚೆಗೆ ಒಂದೆರಡು ಕಡೆ ತಂತಿ. ಎಲ್ಲಿಯೂ ಕಂಡಿ ಇಲ್ಲ. ಪಕ್ಕದ ಹೊಲದಲ್ಲಿ ಕೆಲಸ ಮಾಡುವವನನ್ನು ನಿಲ್ಲಿಸಿ ಇದು ಯಾರ ಬೇಲಿ ಎಂದು ಕೇಳಿದರೆ ಅವನು ಅಂದಾನವ್ವನ ಹೆಸರನ್ನು ಹೇಳುವುದಿಲ್ಲ. “ನಮ್ಮ ನಿಂಬವ್ವಂದ್ರೀ, ಗದಗಿಗೆ ಕೊಟ್ಟೀವಿ” ಎನ್ನುತ್ತಾನೆ. ಹತ್ತು ಹೆಜ್ಜೆ ಮುಂದೆ ಹೋಗಿ ಇನ್ನೊಬ್ಬನನ್ನು ಕೇಳಿದರೆ, ಅವನು ತನ್ನ ಮಗಳ ಹೆಸರು ಹೇಳುತ್ತಾನೆ.